ಹಗ್ಗ ಹಿಡಿದ ಹೇಸರಗತ್ತೆ

ನಾನು ಒಂದು ಹೇಸರಗತ್ತೆ. ಹೆಸರು ಸುಲ್ತಾನ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗಲು ಪುರುಸೊತ್ತು ಸಿಗುವುದಿಲ್ಲ.

ನನ್ನ ತಾಯಿ ಬಿಳಿಯ ಕುದುರೆ. ಅವಳು ಓಡಿದರೆ ಗಾಳಿಯೇ ಹಿಂದೆ ಬಿದ್ದು ಏದುಸಿರು ಬಿಡುತ್ತಿತ್ತಂತೆ. ತಂದೆ ಕತ್ತೆ. ಆದರೆ ಎಂಥ ಕತ್ತೆ! ಅವನು ಒಮ್ಮೆ ಅರಚಿದರೆ ಮೂರು ಜಿಲ್ಲೆಯ ಹುಂಜಗಳು ಬೆಳಗಾಯಿತೆಂದು ಎದ್ದು ಕೂಗುತ್ತಿದ್ದವು. ಉತ್ತರದ ಕಡೆ, ಸೈನ್ಯದ ಲಾಯವೊಂದರಲ್ಲಿ ನಾನು ಹುಟ್ಟಿದೆ. ಹುಟ್ಟಿದ ತಕ್ಷಣ ಎದ್ದು ನಿಂತು ಡಾಕ್ಟರ ಮೊಣಕಾಲಿಗೆ ಒದ್ದೆನಂತೆ. ಆತ ಕುಂಟುತ್ತಲೇ, 'ಇದು ಫಿರಂಗಿ ಹೊರಲು ಹುಟ್ಟಿದ್ದು' ಎಂದು ಬರೆದುಕೊಂಡನಂತೆ. ನಂಬದವರು ಆ ಡಾಕ್ಟರನ್ನು ಹುಡುಕಿ ಕೇಳಬಹುದು.

ಫಿರಂಗಿಯನ್ನೇ ಹೊತ್ತೆ. ಬೆಟ್ಟದ ಮೇಲೆ ಲಾರಿ ಹತ್ತುವುದಿಲ್ಲ. ಆದ್ದರಿಂದ ಫಿರಂಗಿಯನ್ನು ಬಿಚ್ಚಿ, ಒಂದೊಂದು ಭಾಗವನ್ನು ನಮ್ಮಂಥ ಒಬ್ಬೊಬ್ಬರ ಬೆನ್ನಿಗೆ ಹೇರುತ್ತಾರೆ. ಎಲ್ಲಕ್ಕಿಂತ ಭಾರವಾದ ನಳಿಗೆ ನನ್ನ ಪಾಲು. ಹಿಮಾಲಯ ಅಷ್ಟೆತ್ತರ ಇದೆಯೆಂದು ನೀವೆಲ್ಲ ಹೊಗಳುತ್ತೀರಿ. ನಾನು ತುಳಿದು ತುಳಿದು ತಗ್ಗಿಸಿದ ಮೇಲೂ ಅಷ್ಟೇ ಉಳಿದಿದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಅಲ್ಲಿ ನನ್ನನ್ನು ನಡೆಸುತ್ತಿದ್ದವನು ದುಂಡಮಾದ. ಹನೂರಿನ ಕಡೆಯವನು. ನಮ್ಮಲ್ಲಿ ಹೇಸರಗತ್ತೆ ನಡೆಸುವವನನ್ನೂ ಡ್ರೈವರ್ ಎಂದೇ ಕರೆಯುವುದು. ಆ ಹಿಮದಲ್ಲಿ ಅವನ ಕನ್ನಡ ಕೇಳುವ ಕಿವಿಗಳಿದ್ದದ್ದು ನನ್ನವು ಎರಡೇ. ನಮ್ಮ ವಂಶದ ಕಿವಿ, ಉದ್ದಕ್ಕೇನೂ ಕೊರತೆಯಿಲ್ಲ. ಹುಕುಂ ಕೊಡುವಾಗ ಅವನು ಹಿಂದಿಯಲ್ಲಿ ಹೊರಡಲು 'ಚಲ್', ನಿಲ್ಲಲು 'ಥಮ್' ಅನ್ನುತ್ತಿದ್ದ. ಬೈಯುವಾಗ, ಊರು ನೆನೆಯುವಾಗ, ಹೆಂಡತಿ ನಂಜಮಣಿಯ ಸುದ್ದಿ ಹೇಳುವಾಗ ಕನ್ನಡ. ಹೀಗೆ ನಾನು ಎರಡು ಭಾಷೆ ಕಲಿತೆ. ಕೆಲವು ಸಾಹೇಬರಿಗೆ ಒಂದೂ ಸರಿಯಾಗಿ ಬರುತ್ತಿರಲಿಲ್ಲ.

ಅವನ ಸರ್ವೀಸು ಮುಗಿದ ವರ್ಷವೇ ನನ್ನ ಸವೆದ ಮೊಣಕಾಲನ್ನು ನೋಡಿ ನನ್ನನ್ನೂ ಸೈನ್ಯದಿಂದ ಬಿಡಿಸಿದರು. ಮುದಿಪ್ರಾಣಿಗಳ ಹರಾಜಿನಲ್ಲಿ ನನ್ನ ಹಲ್ಲು ಹಿಡಿದು ನೋಡಿದವರೆಲ್ಲ ತಲೆಯಾಡಿಸಿ ಮುಂದೆ ಹೋದರು. ಕೊನೆಗೆ ಗುಂಪಿನಿಂದ ದುಂಡಮಾದ ಬಂದ. ಹಲ್ಲು ನೋಡಲಿಲ್ಲ. 'ನಡಿಯೋ, ಊರ್ಗ ಓಗಂವ' ಅಂದ.

ಊರಿನಲ್ಲಿ ಮೆರವಣಿಗೆ ಇರುತ್ತದೆಂದುಕೊಂಡಿದ್ದೆ. ಬಾಗಿಲಲ್ಲಿ ನಂಜಮಣಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಮಿಲ್ಟ್ರಿಯಿಂದ ಬರೋರು ಟ್ರಂಕ್ ತತ್ತಾರ, ಕಂಬ್ಳಿ ತತ್ತಾರ. ನೀ ಕತ್ತ ತಂದಿದ್ದಯಲ್ಲ!"

"ಕತ್ತ ಅನ್ಬ್ಯಾಡ ಕನಾ. ಅದು ರಿಟೈರಾದ ಸಿಪಾಯಿ."

"ಅದ್ಕೂ ಪಿಂಚಣಿ ಬತ್ತುದ?"

"ಇಲ್ಲ."

"ಅಂದ್ರ ಕತ್ತನೇ, ಬುಡು."

ಹೀಗೆ ಸೈನ್ಯದಿಂದ ಬಂದ ನಾವಿಬ್ಬರೂ ಒಂದೇ ಅಂಗಳದಲ್ಲಿ ಕೆಲಸವಿಲ್ಲದೆ ನಿಂತೆವು. ದುಂಡಮಾದನಿಗೆ ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ ಕೆಲಸ ಸಿಕ್ಕಿತು. ಸಮವಸ್ತ್ರ ಕೊಟ್ಟರು, ಹೆಗಲಿಗೆ ಹಿತ್ತಾಳೆಯ ನಕ್ಷತ್ರವನ್ನೂ ಅಂಟಿಸಿದರು. ಕಾರು ಬಂದರೆ ಸೆಲ್ಯೂಟ್ ಹೊಡೆಯಬೇಕು. ದೊಡ್ಡ ಕಾರಿಗೆ ದೊಡ್ಡ ಸೆಲ್ಯೂಟು. ಅವನು ಸಂಜೆ ಬಂದು ನನ್ನ ಪಕ್ಕದ ಒರಳುಕಲ್ಲಿನ ಮೇಲೆ ಕೂರುತ್ತಿದ್ದ. ಹಿಮದಲ್ಲಿ ವಟವಟ ಎನ್ನುತ್ತಿದ್ದ ಮನುಷ್ಯ ಈಗ ಬಾಯೇ ಬಿಡುತ್ತಿರಲಿಲ್ಲ. ಗುಂಡಿನ ಶಬ್ದಕ್ಕೆ ಅಂಜದವನು ಅವನು. ಆದರೆ ಸಂಜೆ ಅಂಗಳಕ್ಕೆ ಕಾಲಿಡುವ ಮುಂಚೆ ಆ ಹಿತ್ತಾಳೆ ನಕ್ಷತ್ರವನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ಕೆಲಸವನ್ನು ಕಳೆದವನು ನಾನೇ ಎಂದು ಜನ ಹೇಳುತ್ತಾರೆ. ಬಿಡಿಸಿದವನು ನಾನು ಎನ್ನುತ್ತೇನೆ. ಒಂದು ಮದುವೆಗೆ ವರನ ಕುದುರೆ ಬರಲಿಲ್ಲ. ಮಂಟಪದ ಯಜಮಾನ ಓಡಿಬಂದು, "ನಿನ್ನ ಕತ್ತೆಗೇ ಜರಿ ಬಟ್ಟೆ ಹೊದಿಸಪ್ಪ, ರಾತ್ರಿ ದೀಪದಾಗ ಯಾರಿಗ ಗೊತ್ತಾಯ್ತದ" ಅಂದ. ಹೊದಿಸಿದರು. ವರನನ್ನು ಕೂರಿಸಿದರು. ಆಮೇಲೆ ಬ್ಯಾಂಡಿನವರು ಏನು ಬಾರಿಸಿದರು ಗೊತ್ತೆ? ಸೈನ್ಯದ ನಡಿಗೆಯ ತಾಳ! ಆ ತಾಳ ಕೇಳಿದ ಮೇಲೆ ನಿಲ್ಲುವ ಸಿಪಾಯಿ ಎಲ್ಲಿದ್ದಾನೆ? ನಾನು ಎದೆಯುಬ್ಬಿಸಿ ಹೊರಟೆ. ಮಂಟಪ ದಾಟಿತು, ಪೇಟೆ ದಾಟಿತು, ಬ್ಯಾಂಡಿನವರು ಹಿಂದುಳಿದರು, ವರನ ಪೇಟ ಬಿತ್ತು. ಊರಾಚೆಯ ಗುಡ್ಡದ ನೆತ್ತಿ ಮುಟ್ಟಿದ ಮೇಲೇ ನಾನು ನಿಂತದ್ದು. ವರ ಅಲ್ಲಿಂದ ಮೂರು ರಾಜ್ಯ ನೋಡಿದ. ಆ ನೋಟಕ್ಕೆ ಅವನು ಇವತ್ತಿಗೂ ನನಗೆ ಕೃತಜ್ಞನಾಗಿರಬೇಕು.

ದುಂಡಮಾದನ ಕೆಲಸ ಹೋಯಿತು. ನಂಜಮಣಿ ಅಳಲಿಲ್ಲ, ಕೂಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಇನ್ನೊಂದ್ ಛತ್ರದಲ್ಲಿ ಗೇಟ್ ಕೆಲ್ಸ ಅದ ಅಂದವ್ರ," ಅಂದಳು. "ಸೋಮ್ವಾರ ಓಗಿ ಸೇರ್ಕೊ. ಅಷ್ಟರಲ್ಲಿ ಇದನ್ನ ಸಂತಗ ಹೊಡಿ. ಇಟ್ಗ ಗೂಡಿನವ್ರು ತಕ್ಕತಾರ."

ಇಟ್ಟಿಗೆ ಗೂಡು ಎಂದರೆ ಏನೆಂದು ನನ್ನ ಜಾತಿಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಗೆ ಹೋದವರು ಹಿಂದಿರುಗಿ ಬಂದು ಆತ್ಮಕಥೆ ಹೇಳಿದ್ದಿಲ್ಲ.

ಸಂತೆಯಲ್ಲಿ ಗೂಡಿನವನು ನನ್ನ ಬೆನ್ನು ತಟ್ಟಿ ನೋಡುತ್ತಿದ್ದಾಗಲೇ ಒಬ್ಬ ಸೋಲಿಗರ ಮುದುಕಿ ಬಂದು ನಿಂತಳು. ಕೇತಮ್ಮ ಎಂದು ಹೆಸರು. ಕಾಡಿನೊಳಗೆ, ರಸ್ತೆಯಿಲ್ಲದ ಬೆಟ್ಟದ ಮೇಲಿನ ಮೇಲ್ಬಾರೆ ಪೋಡಿನವಳು. ಪೋಡು ಎಂದರೆ ಅವರ ಹಾಡಿ.

"ಇದು ಏನ್ ಹೊರ್ತುದಪ್ಪ?"

"ಫಿರಂಗಿ ಹೊತ್ತದ ಕನವ್ವ!" ದುಂಡಮಾದ ಮೀಸೆ ತಿರುವಿದ.

"ಫಿರಂಗಿ ನಮ್ಗ್ಯಾಕ? ಮಿಲ್ಲು ಹೊತ್ತದ?"

ಸಂಗತಿ ಇಷ್ಟು. ರಾಗಿ ಬೀಸಿಸಲು ಮೇಲ್ಬಾರೆಯ ಹೆಂಗಸರು ಮೂಟೆ ಹೊತ್ತು ಬೆಟ್ಟ ಇಳಿದು, ಸರದಿ ಕಾದು, ಮತ್ತೆ ಹತ್ತಬೇಕು. ಹೋಗಿಬರುವುದರಲ್ಲಿ ದಿನವೇ ಕಳೆಯುತ್ತದೆ. ಮುಚ್ಚಿಹೋದ ಒಂದು ಹಳೆಯ ಹಿಟ್ಟಿನ ಮಿಲ್ಲನ್ನು, ಡೀಸೆಲ್ ಎಂಜಿನ್ನಿನ ಸಮೇತ, ಅವರೆಲ್ಲ ಸೇರಿ ಕೊಂಡಿದ್ದರು. ಅದು ಬೆಟ್ಟದ ಬುಡದಲ್ಲಿ ತಾಡಪಾಲಿನ ಕೆಳಗೆ ಬಿದ್ದಿತ್ತು. ಮೇಲೆ ಹೊರುವವರಿಲ್ಲ. ಗಂಡಸರು ಬಹುಪಾಲು ಕಾಫಿ ತೋಟಗಳ ಕೆಲಸಕ್ಕೆ ಹೋಗಿದ್ದರು. ಮಳೆ ಹಿಡಿದರೆ ದಾರಿ ಜಾರುತ್ತದೆ, ಅಷ್ಟು ಭಾರದ ಹೊರೆ ಹತ್ತುವುದಿಲ್ಲ. ಆಮೇಲೆ ಮುಂದಿನ ಬೇಸಗೆಯ ತನಕ ಎಂಜಿನ್ನು ತುಕ್ಕು ತಿನ್ನಬೇಕು.

"ಮಿಲ್ಲು ಮ್ಯಾಕ ಬಂದ್ರ," ಕೇತಮ್ಮ ಹೇಳಿದಳು, "ಆಮ್ಯಾಲ ನಮ್ ಅಕ್ಕಿ, ಉಪ್ಪು, ಡೀಸಲ್ಲು ಎಲ್ಲಾ ನೀನೇ ತತ್ತಾ ಇರು. ಜೇನು, ಸೀಗ ಇಳ್ಸು. ನಿನ್ಗೂ ನಿನ್ ಪ್ರಾಣಿಗೂ ನಮ್ಮಲ್ಲಿ ವರ್ಸೆಲ್ಲಾ ಕೆಲ್ಸ ಅದ."

ದುಂಡಮಾದ ಗೂಡಿನವನ ಕೈಯಿಂದ ನನ್ನ ಹಗ್ಗ ಕಿತ್ತುಕೊಂಡ. ಅವತ್ತು ಮನೆಯಲ್ಲಿ ನಡೆದ ಮಾತುಕತೆಯನ್ನು ನಾನು ಹೇಳುವುದಿಲ್ಲ. ಕೊನೆಗೆ ನಂಜಮಣಿ ಸೋಮವಾರದ ತನಕ ಗಡುವು ಕೊಟ್ಟಳು. ಮಿಲ್ಲು ಬೆಟ್ಟ ಹತ್ತಿದರೆ ಸರಿ. ಇಲ್ಲದಿದ್ದರೆ ಅವನು ಗೇಟಿಗೆ, ನಾನು ಗೂಡಿಗೆ.

ಮರುದಿನದಿಂದ ದುಂಡಮಾದ ಬೇರೆಯೇ ಮನುಷ್ಯನಾದ. ಫಿರಂಗಿ ಬಿಚ್ಚಿದ ಹಾಗೆಯೇ ಮಿಲ್ಲನ್ನೂ ಬಿಚ್ಚಿದ. ಬೀಸುವ ಕಲ್ಲು ಒಂದು ಹೇರು, ಗಾಲಿ ಒಂದು ಹೇರು, ಕಬ್ಬಿಣದ ಚೌಕಟ್ಟು ಒಂದು ಹೇರು. ಎಲ್ಲವನ್ನೂ ನಾನು ಹೂವಿನ ಹಾಗೆ ಹೊತ್ತು ಹಾಕಿದೆ. ನಡುದಾರಿಯಲ್ಲಿ ನಿದ್ದೆಯನ್ನೂ ಮಾಡಿದೆನೆಂದರೆ ನೀವು ನಂಬಲಿಕ್ಕಿಲ್ಲ. ಉಳಿದದ್ದು ಎಂಜಿನ್ನಿನ ಒಡಲು ಮಾತ್ರ. ಅದನ್ನು ಬಿಚ್ಚಲು ಬರುವುದಿಲ್ಲ. ಭಾನುವಾರ ಹೊರಡುವುದೆಂದಾಯಿತು. ಆಕಾಶ ಆಗಲೇ ಕಪ್ಪಾಗತೊಡಗಿತ್ತು.

ದಾರಿಯಲ್ಲಿ ಒಂದೇ ಒಂದು ಕೆಟ್ಟ ಜಾಗವಿದೆ. ಅದಕ್ಕೆ ಗಿಡುಗನ ಬಂಡೆ ಎನ್ನುತ್ತಾರೆ. ಎಡಕ್ಕೆ ಗೋಡೆಯಂಥ ಕಲ್ಲು, ಬಲಕ್ಕೆ ಪಾತಾಳ, ನಡುವೆ ಒಬ್ಬರು ನಡೆಯುವಷ್ಟು ಅಂಚು. ಆ ಅಂಚಿನ ಕೆಳಗೆ, ಬಂಡೆಯ ಹೊಟ್ಟೆಗೆ, ಹೆಜ್ಜೇನಿನ ತಟ್ಟೆಗಳು ಸಾಲಾಗಿ ತೂಗುತ್ತಿರುತ್ತವೆ. ಪೋಡಿನವರು ಅಲ್ಲಿ ಮಾತಾಡುವುದಿಲ್ಲ. ಬೀಡಿ ಹಚ್ಚುವುದಿಲ್ಲ. ತಲೆಗೆ ಎಣ್ಣೆ ಹಾಕಿಕೊಂಡವರು ಆ ದಾರಿ ತುಳಿಯುವುದಿಲ್ಲ, ಅದರ ವಾಸನೆಗೆ ಜೇನು ಕೆರಳುತ್ತದೆ. ಅದಕ್ಕೆಂದೇ ಶನಿವಾರ ಕೇತಮ್ಮನೂ ಉಳಿದ ಹೆಂಗಸರೂ ಕೂತು ಎಂಜಿನ್ನಿಗೆ ಬೂದಿ ಉಜ್ಜಿ, ಅಂಟುವಾಳದ ನೊರೆಯಲ್ಲಿ ತೊಳೆದು, ಡೀಸೆಲ್ಲಿನ ವಾಸನೆಯೇ ಇಲ್ಲದ ಹಾಗೆ ಮಾಡಿದ್ದರು.

ಅಂಥ ಎಂಜಿನ್ನಿಗೆ ನಮ್ಮ ದುಂಡಮಾದ ಭಾನುವಾರ ಬೆಳಿಗ್ಗೆ ಏನು ಮಾಡಿದ ಹೇಳಿ? ಎಣ್ಣೆ ಬಟ್ಟೆ ತೆಗೆದುಕೊಂಡು ಫಳಫಳ ಹೊಳೆಯುವ ಹಾಗೆ ಒರೆಸಿದ! ದೊಡ್ಡ ಹೊರೆ ಹೊರಡುವ ಮುಂಚೆ ಪರೇಡಿನಲ್ಲಿ ಸಾಹೇಬರು ಬಂದು ಬಿಳಿ ಕೈಗವಸಿನಲ್ಲಿ ಮುಟ್ಟಿ ನೋಡುತ್ತಿದ್ದರಲ್ಲ, ಆ ಅಭ್ಯಾಸ. ಇಲ್ಲಿ ಯಾವ ಸಾಹೇಬನೂ ಇರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಒರೆಸಿತು. ಒರೆಸಿ, ಮೇಲೆ ಕಂಬಳಿ ಹೊದಿಸಿ, ನನ್ನ ಮೇಲೆ ಹೇರಿದ. ಕೇತಮ್ಮನಿಗೆ ಗೊತ್ತಾಗಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಗಾದೆ ಕಟ್ಟಿದ್ದೀರಿ. ಅವತ್ತು ಎಣ್ಣೆಯ ವಾಸನೆ ಗೊತ್ತಿದ್ದದ್ದು ನನಗೊಬ್ಬನಿಗೇ. ಹೇಳಲು ಬಾಯಿರಲಿಲ್ಲ, ಅಷ್ಟೆ.

ಗಿಡುಗನ ಬಂಡೆ ಬಂತು. ಮುಂದೆ ದುಂಡಮಾದ, ಕೈಯಲ್ಲಿ ನನ್ನ ಹಗ್ಗ ಸಡಿಲವಾಗಿ. ಹಿಂದೆ ಕೇತಮ್ಮ, ಅವಳ ಮಗ ಜಡೆಯ, ಹಗ್ಗದ ಸುರುಳಿ ಹೊತ್ತ ಹೆಂಗಸರು. ಯಾರೂ ಉಸಿರೆತ್ತಲಿಲ್ಲ. ನಾನು ಗೊರಸನ್ನು ಬೆಕ್ಕಿನ ಹಾಗೆ ಇಟ್ಟೆ. ಮುಕ್ಕಾಲು ಅಂಚು ದಾಟಿತು.

ಮೊದಲ ಜೇನು ಬಂದು ಕಂಬಳಿಯ ಮೇಲೆ ಕೂತಿತು. ಆಮೇಲೆ ಇನ್ನೊಂದು. ಆಮೇಲೆ ಗುಂಯ್ ಎಂಬ ಸದ್ದು ಬಂಡೆಯೊಳಗಿಂದಲೇ ಎದ್ದ ಹಾಗಾಯಿತು.

"ಎಣ್ಣ!" ಕೇತಮ್ಮನ ಪಿಸುಮಾತು ಚಾಟಿಯ ಹಾಗೆ ಬಂತು. "ಯಾರ್ಲಾ ಎಣ್ಣ ಬಳ್ದೋರು?"

ನನ್ನ ಮೂಗಿನ ತುದಿಗೆ ಒಂದು ಕುಟುಕಿತು. ನಾನು ತಲೆ ಕೊಡವಿದೆ. ಬೆನ್ನಿನ ಹೊರೆ ಬಲಕ್ಕೆ ವಾಲಿತು. ಬಲಗಡೆಯ ಹಿಂಗಾಲಿನ ಕೆಳಗೆ ಅಂಚಿನ ಕಲ್ಲು ಮುರಿದು ಉರುಳಿತು. ಅದು ಕೆಳಗೆ ಬಿದ್ದ ಸದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಮೂರು ಕಾಲಿನ ಮೇಲಿದ್ದೆ.

ದುಂಡಮಾದ ಎಡಗಡೆಯ ಕಲ್ಲಿಗೆ ಅಂಟಿಕೊಂಡು ನನ್ನ ಪಕ್ಕಕ್ಕೆ ನುಸುಳಿ ಹೊರೆಯ ಗಂಟಿಗೆ ಕೈ ಹಾಕಿದ. ಒಂದು ಎಳೆತಕ್ಕೆ ಬಿಚ್ಚುವ ಗಂಟು ಅದು. ಬಿಚ್ಚಿದರೆ ಎಂಜಿನ್ನು ಹೋಯಿತು. ಬಿಚ್ಚದಿದ್ದರೆ ಎಂಜಿನ್ನಿನ ಜೊತೆ ನಾನೂ ಹೋದೆ. ಅವನು ಬಿಚ್ಚಲಿಲ್ಲ. ತಲೆ ತಿರುಗಿಸಿ ಹಿಂದೆ ನೋಡಿದ. ಏನನ್ನು ಹುಡುಕುತ್ತಿದ್ದ ಎಂದು ನನಗೆ ಗೊತ್ತು. ಸೈನ್ಯದಲ್ಲಿ ಇದ್ದಷ್ಟು ಕಾಲವೂ ಅವನ ಹಿಂದೆ ಒಬ್ಬ ಸಾಹೇಬ ಇರುತ್ತಿದ್ದ. 'ಹೊರೆ ಬಿಡು' ಎಂದೋ 'ಬಿಡಬೇಡ' ಎಂದೋ ಕೂಗುತ್ತಿದ್ದ. ತಪ್ಪಾದರೆ ತಪ್ಪು ಸಾಹೇಬನದು.

ಹಿಂದೆ ಇದ್ದದ್ದು ಕೇತಮ್ಮ.

"ನನ್ ಮಕ ಯಾಕ ನೋಡೀಯ?" ಅವಳು ಹಲ್ಲು ಕಚ್ಚಿ ಅಂದಳು. "ಪ್ರಾಣಿ ನಿಂದು, ಕೈ ನಿಂದು!"

ಅವನು ಗಂಟು ಎಳೆದ.

ಬೆನ್ನಿನಿಂದ ಬೆಟ್ಟವೇ ಜಾರಿದ ಹಾಗಾಯಿತು. ನಾನು ಮುಂದಕ್ಕೆ ನೆಗೆದು ಅಂಚಿನಾಚೆಯ ಅಗಲ ಜಾಗಕ್ಕೆ ಬಿದ್ದೆ. ಉಳಿದವರು ನನ್ನ ಹಿಂದೆಯೇ ಓಡಿಬಂದು ತಮ್ಮ ಹೆಗಲ ಕಂಬಳಿಯೊಳಗೆ ಮುದುಡಿದರು. ಜಡೆಯ ಹಸಿಸೊಪ್ಪಿಗೆ ಬೆಂಕಿಯಿಟ್ಟು ಹೊಗೆಯೆಬ್ಬಿಸಿದ. ಜೇನು ಸಿಟ್ಟಿನಿಂದ ಸುತ್ತಿ ಸುತ್ತಿ, ಕೊನೆಗೆ ಮೆಲ್ಲನೆ ತಟ್ಟೆಗೆ ಮರಳಿತು.

ಎಲ್ಲರೂ ಅಂಚಿಗೆ ಹೊಟ್ಟೆಯೂರಿ ಮಲಗಿ ಕೆಳಗೆ ನೋಡಿದರು. ಬಂಡೆಯ ಬಿರುಕಿನಿಂದ ಹೊರಚಾಚಿದ ಒಂದು ಬಸರಿ ಮರ. ಅದರ ಕವಲಿನಲ್ಲಿ ಎಂಜಿನ್ನು ಸಿಕ್ಕಿಕೊಂಡು ತೂಗುತ್ತಿತ್ತು. ಗಾಳಿ ಬಂದಾಗಲೆಲ್ಲ ಮರ ಕಿರುಗುಟ್ಟುತ್ತಿತ್ತು. ದೂರದಲ್ಲಿ ಗುಡುಗಿತು.

"ಎಣ್ಣ ಬಳ್ದೋನು ನಾನೇ," ದುಂಡಮಾದ ಅಂದ. "ನನ್ ಹೊರ. ನಾನೇ ಇಳ್ದು ಹಗ್ಗ ಕಟ್ತೀನಿ. ನೀವ್ ಎಳೀರಿ."

ಜಡೆಯ ತಲೆ ಕೆರೆದುಕೊಂಡ.

"ನಿನ್ ಬಾವಮೈದ ಎಲ್ಲಿ ಅಣ್ಣ?"

"ಬಾವಮೈದ ಯಾಕುಡ ಈಗ?"

ಆಗ ಕೇತಮ್ಮ ಹೇಳಿದಳು. ಜೇನು ಬಂಡೆಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವನ ಕೈಗೂ ಕೊಡುವುದಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳವಿರುತ್ತದೆ. ಬಾವಮೈದ ಕೈಬಿಟ್ಟರೆ ವಿಧವೆಯಾಗುವವಳು ಅವನ ಅಕ್ಕ, ಇಲ್ಲವೇ ತಂಗಿ. ಆದ್ದರಿಂದ ಅವನು ಕೈ ಹರಿದರೂ ಬಿಡುವುದಿಲ್ಲ. ಜಡೆಯ ಒಳ್ಳೆಯ ಜೇನುಗಾರ. ಆದರೆ ಅವನ ಬಾವಮೈದ ಕಾಫಿ ತೋಟದಲ್ಲಿದ್ದ. ಹಾಗಾಗಿ ಅವನೂ ಇಳಿಯುವಂತಿರಲಿಲ್ಲ.

"ಅಂಗಾರ ಮರಕ್ಕ ಕಟ್ಟಿ," ದುಂಡಮಾದ ಅಂದ.

"ಮರ ನೋಡ್ತದಾ? ಬೇಕಾದಾಗ ಎಳೀತದಾ? ಹಗ್ಗ ಹಿಡಿಯೋದು ಕೈ ಅಲ್ಲಪ್ಪ, ಕರ್ಳು. ನಿನ್ ಹೆಂಡ್ತಿ ಅಣ್ಣತಮ್ಮಂದ್ರು ಯಾರೂ ಇಲ್ವಾ?"

ದುಂಡಮಾದ ಮುಖ ತಗ್ಗಿಸಿದ. "ಒಬ್ಳೇ ಮಗ್ಳು ಕನವ್ವ. ತವರು ಅಂತಲೇ ಇಲ್ಲ. ಗೌರಿ ಹಬ್ಬದ ದಿವ್ಸ ಎಲ್ಲಾರ ಮನಗೂ ಬಾಗ್ನ ಬತ್ತುದ. ಅವ್ಳು ಬಾಗ್ಲು ಹಾಕ್ಕಂದು ಮನಿಕ್ಕತಾಳ."

ಇಷ್ಟು ವರ್ಷ ನನಗೆ ಅವಳ ಸಾವಿರ ಸುದ್ದಿ ಹೇಳಿದವನು ಇದೊಂದನ್ನು ಹೇಳಿರಲಿಲ್ಲ. ಕೇತಮ್ಮ ನನ್ನ ಕಡೆ ತಿರುಗಿ ಕೂತಳು. ಗುಡುಗು ಹತ್ತಿರವಾಯಿತು. ಕೆಳಗೆ ಬಸರಿ ಮರ ಮತ್ತೊಮ್ಮೆ ಕಿರುಗುಟ್ಟಿತು.

"ಈ ಪ್ರಾಣಿಗ ಮೇವು ಹಾಕೋರ್ಯಾರು?" ಅವಳು ಫಕ್ಕನೆ ಕೇಳಿದಳು.

"ಅವ್ಳೇ. ಬೈಕಂಡು ಹಾಕ್ತಾಳ."

"ಬೈಕಂಡು ಅನ್ನ ಇಕ್ಕೋಳು ಅಕ್ಕನೇ ಅಲ್ವಾ?"

ಮುದುಕಿ ಎದ್ದು ಬಂದು ನನ್ನ ಎದೆಯ ಪಟ್ಟಿಗೆ ಹಗ್ಗದ ತುದಿ ಬಿಗಿದಳು. ನನ್ನ ಎರಡೂ ಕಿವಿ ಹಿಡಿದು ಮೂಗಿಗೆ ಮೂಗು ತಂದಳು. "ನಂಜಮಣಿ ನಿಂಗ ಅಕ್ಕ. ನೀ ಬುಟ್ರ ಅವ್ಳ ತಾಳಿ ಓಯ್ತದ. ತಿಳೀತಾ?"

ಯಾರೂ ನಗಲಿಲ್ಲ. ನಾನು ಕೂಡ. ಇದುವರೆಗೆ ನಾನು ಹೊತ್ತದ್ದೆಲ್ಲ ನನ್ನ ಮೇಲೆ ಹೇರಿದ್ದು. ಯಾರೂ ನನ್ನ ಕಣ್ಣು ನೋಡಿ ಒಪ್ಪಿಸಿರಲಿಲ್ಲ.

ದುಂಡಮಾದ ಹಗ್ಗದ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಎಂಜಿನ್ನಿಗೆ ಕಟ್ಟಲು ಬೇರೆ ಹಗ್ಗದ ತುದಿಯನ್ನು ಹೆಗಲಿಗೆ ಹಾಕಿಕೊಂಡ. ಬಂಡೆಯ ಅಂಚಿಗೆ ಕಂಬಳಿ ಮಡಿಸಿಟ್ಟರು, ಹಗ್ಗ ಸವೆಯಬಾರದೆಂದು. ಅವನು ಬೆನ್ನು ಹಿಂದಾಗಿ ಇಳಿದ. ಜಡೆಯ ಅಂಚಿನಲ್ಲಿ ಮಲಗಿ ಕೈಸನ್ನೆ ಮಾಡಿದ ಹಾಗೆ ನಾನು ಒಂದೊಂದೇ ಹೆಜ್ಜೆ ಅಂಚಿನ ಕಡೆಗೆ ಹೋಗುತ್ತಾ ಹಗ್ಗ ಸಡಿಲ ಬಿಟ್ಟೆ. ಅವನ ತಲೆ ಮರೆಯಾಯಿತು. ಆಮೇಲೆ ಅವನ ಭಾರ ಮಾತ್ರ ನನ್ನ ಎದೆಯಲ್ಲಿ ಉಳಿಯಿತು. ಫಿರಂಗಿಯ ನಳಿಗೆ ಇದರ ಮುಂದೆ ಹುಲ್ಲುಕಡ್ಡಿ. ಇದರಲ್ಲಿ ಉತ್ಪ್ರೇಕ್ಷೆ ಹುಡುಕಬೇಡಿ.

ಹಗ್ಗ ನಿಂತಿತು. ಅವನು ಮರ ಮುಟ್ಟಿದ್ದ. ಜಡೆಯ ಪಿಸುಗುಟ್ಟಿದ: "ಕಟ್ತಾ ಅವ್ನ... ಒಂದ್ ಸುತ್ತು... ಎರಡ್ ಸುತ್ತು..."

ಆಗ ಮತ್ತೆ ಆ ಸದ್ದು ಎದ್ದಿತು. ದುಂಡಮಾದನ ಕೈಯಲ್ಲಿ ಇನ್ನೂ ಬೆಳಗಿನ ಎಣ್ಣೆಯಿತ್ತು.

ಈ ಸಲ ಒಂದೆರಡು ಬರಲಿಲ್ಲ. ಕಪ್ಪು ಹೊಗೆಯ ಹಾಗೆ ಬಂಡೆಯ ಹೊಟ್ಟೆಯಿಂದ ಮೇಲೆದ್ದವು. ಲೋಕದಲ್ಲಿ ಎಷ್ಟು ಜೇನಿದೆಯೋ ಅಷ್ಟೂ ಅವತ್ತು ಅಲ್ಲಿತ್ತು. ಹೆಂಗಸರು ಕಂಬಳಿ ಹೊದ್ದು ಬಿದ್ದರು. ಜಡೆಯ ಹೊಗೆಯ ಸೊಪ್ಪಿಗೆ ಓಡಿದ. ಬಯಲಲ್ಲಿ ನಿಂತಿದ್ದವನು ನಾನೊಬ್ಬ. ಕಿವಿಗೆ, ಮೂಗಿಗೆ, ಕಣ್ಣಿನ ರೆಪ್ಪೆಗೆ ಬೆಂಕಿ ಬಿತ್ತು. ಇಡೀ ಮೈ 'ಓಡು' ಅಂದಿತು. ನಾಲ್ಕೂ ಕಾಲು 'ಓಡು' ಅಂದವು.

ಕೆಳಗಿನಿಂದ ದುಂಡಮಾದ ಕೂಗಿದ. "ಸುಲ್ತಾನ್ನ ಬುಟ್ಬುಡಿ! ಜೇನು ಕೊಂದಾಕ್ತವ! ನಾ ಮರ ತಬ್ಕಂದೀವ್ನಿ, ಹಗ್ಗ ಕುಯ್ದ್ ಬುಟ್ಬುಡಿ! ಸುಲ್ತಾನ, ಚಲ್! ಚಲ್ ಬೇಟಾ!"

'ಚಲ್' ಎಂದರೆ ಹೋಗು. ಹುಟ್ಟಿದಾಗಿನಿಂದ ಆ ಶಬ್ದಕ್ಕೆ ನನ್ನ ಕಾಲು ತಾನಾಗಿ ಏಳುತ್ತದೆ. ಎದ್ದಿತು. ಮುಂಗಾಲು ಅರ್ಧ ಎದ್ದು ಗಾಳಿಯಲ್ಲಿ ನಿಂತಿತು. ನನ್ನ ಹಿಂದೆಯೂ ಯಾವ ಸಾಹೇಬ ಇರಲಿಲ್ಲ.

ನಾನು ಕಾಲನ್ನು ಇದ್ದಲ್ಲೇ ಊರಿದೆ.

ಜಡೆಯ ಉರಿಯುವ ಸೊಪ್ಪಿನ ಕಂತೆ ತಂದು ನನ್ನ ಸುತ್ತ ಬೀಸಿದ. ಕೇತಮ್ಮ ತನ್ನ ಮೇಲಿದ್ದ ಕಂಬಳಿ ತೆಗೆದು ನನ್ನ ತಲೆಗೆ ಮುಸುಕು ಹಾಕಿದಳು. ಅವಳ ಬರಿಯ ತೋಳಿಗೆ ಜೇನು ಕುಟುಕುವುದು ನನಗೆ ಕೇಳಿಸುತ್ತಿತ್ತು. ಆದರೂ ಅವಳು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಈಗ ಎಳಿ, ಮಗ. ಈಗ ಎಳಿ" ಅಂದಳು. ಕಣ್ಣು ಕಾಣುತ್ತಿರಲಿಲ್ಲ. ಬೆಟ್ಟದ ಕಡೆಗೆ ಒಂದು ಹೆಜ್ಜೆ ಇಟ್ಟೆ. ಮೊಣಕಾಲು ಕಟಕ್ ಎಂದಿತು. ಇನ್ನೊಂದು ಇಟ್ಟೆ. ಹಗ್ಗ ಎದೆಯ ಚರ್ಮ ಕೊಯ್ಯಿತು. ಮತ್ತೊಂದು ಹೆಜ್ಜೆ. ಭಾರ ಒಮ್ಮೆ ತೂಗಾಡಿತು, ಒಮ್ಮೆ ಬಂಡೆಗೆ ಬಡಿಯಿತು. ಆಮೇಲೆ ಹಗ್ಗ ಇದ್ದಕ್ಕಿದ್ದ ಹಾಗೆ ಹಗುರವಾಯಿತು.

ಹಗ್ಗ ಹರಿಯಿತು ಎಂದುಕೊಂಡೆ.

"ಬಂದ್ನೋ!" ಜಡೆಯ ಕೂಗಿದ. "ಮ್ಯಾಕ ಬಂದ್ನೋ!"

ದುಂಡಮಾದ ಅಂಚಿನಿಂದ ತೆವಳಿಕೊಂಡು ಬಂದು ನನ್ನ ಮುಂಗಾಲು ತಬ್ಬಿಕೊಂಡ. ಅವನ ಮುಖ ಹಲಸಿನ ಹಣ್ಣಿನ ಹಾಗೆ ಊದಿತ್ತು. ನನ್ನದು ಇನ್ನೂ ದೊಡ್ಡ ಹಲಸಿನ ಹಣ್ಣು. ಜೇನು ಅಡಗಿದ ಮೇಲೆ ಎಲ್ಲರೂ ಸೇರಿ ಎಂಜಿನ್ನಿನ ಹಗ್ಗ ಎಳೆದರು. ಅದು ಅಂಚು ದಾಟಿ ಮೇಲೆ ಬಂದ ಮೇಲೆ ಬಸರಿ ಮರದ ಕವಲು ಸೀಳಿ ಕೆಳಗೆ ಬಿತ್ತು. ಮಳೆಯ ಮೊದಲ ಹನಿ ನಮ್ಮ ಮೇಲೆ ಬಿದ್ದದ್ದು ಮೇಲ್ಬಾರೆಯ ಗುಡಿಸಲುಗಳು ಕಂಡ ಮೇಲೆ.

ಸೋಮವಾರ ದುಂಡಮಾದ ಗೇಟಿಗೆ ಹೋಗಲಿಲ್ಲ. ಜ್ವರ ಹಿಡಿದು ಪೋಡಿನಲ್ಲೇ ಮಲಗಿದ್ದ. ಮಧ್ಯಾಹ್ನ ನಂಜಮಣಿಯೇ ಬೆಟ್ಟ ಹತ್ತಿ ಬಂದಳು. ಬುಡದಲ್ಲಿ ಯಾರೋ ಅವಳಿಗೆ ಎಲ್ಲ ಹೇಳಿದ್ದರು. ಗಂಡನ ಹಣೆ ಮುಟ್ಟಿ ನೋಡಿದಳು. ಚೆನ್ನಾಗಿ ಬೈದಳು. ಆಮೇಲೆ ಹೊರಗೆ ಬಂದು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನು ಒಂದು ಕಣ್ಣು ಅರ್ಧ ತೆರೆದೆ. ಇನ್ನೊಂದು ತೆರೆಯುವ ಸ್ಥಿತಿಯಲ್ಲಿರಲಿಲ್ಲ.

"ಓಡಿ ಓಗ್ಬಾರ್ದಾಗಿತ್ತಾ ಮುಂಡೇದೇ," ಅಂದಳು. ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ನನ್ನ ಕಿವಿ ತೊಡೆಯ ಮೇಲೆ ಇಟ್ಟುಕೊಂಡು ಕೂತು, ಜೇನಿನ ಮುಳ್ಳನ್ನು ಉಗುರಿನಿಂದ ಒಂದೊಂದಾಗಿ ತೆಗೆದು ಸುಣ್ಣ ಹಚ್ಚಿದಳು. ಸಂಜೆಯ ತನಕ ತೆಗೆದಳು. ಅಷ್ಟರಲ್ಲಿ ಜಡೆಯ ಮಿಲ್ಲು ಜೋಡಿಸಿ ಎಂಜಿನ್ನಿನ ಹಿಡಿ ತಿರುವಿದ. ಅದು ಕೆಮ್ಮಿತು, ಗುಡುಗಿತು, ಹೊಗೆ ಬಿಟ್ಟಿತು. ಮೊದಲ ರಾಗಿ ಹಿಟ್ಟು ಬಿಸಿಬಿಸಿಯಾಗಿ ಕೆಳಗೆ ಇಳಿದಾಗ ಹೆಂಗಸರು ಅದನ್ನು ಅಂಗೈಯಲ್ಲಿ ಹಿಡಿದು ಒಬ್ಬರ ಕೆನ್ನೆಗೆ ಒಬ್ಬರು ಬಳಿದುಕೊಂಡರು.

ಅಂದಿನಿಂದ ಬೆಟ್ಟವೇ ನಮ್ಮ ನೌಕರಿ. ಅಕ್ಕಿ, ಉಪ್ಪು, ಡೀಸೆಲ್ಲು ಮೇಲಕ್ಕೆ, ಜೇನು, ಸೀಗೆ ಕೆಳಕ್ಕೆ. ಡೀಸೆಲ್ ಡಬ್ಬವನ್ನು ಬೂದಿಯಲ್ಲಿ ಉಜ್ಜದೆ ದುಂಡಮಾದ ಒಂದು ದಿನವೂ ಹೊರಡಲಿಲ್ಲ. ಹಾದಿಯುದ್ದಕ್ಕೂ ಅವನ ಬಾಯಿ ಮುಚ್ಚುತ್ತಿರಲಿಲ್ಲ. ಎಷ್ಟು ಮಾತಾಡುತ್ತಿದ್ದನೆಂದರೆ ಕಾಡಾನೆಗಳು ಬೇಸತ್ತು ದಾರಿ ಬಿಡುತ್ತಿದ್ದವು. ಗಿಡುಗನ ಬಂಡೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಆ ವರ್ಷದ ಗೌರಿ ಹಬ್ಬಕ್ಕೆ ಕೇತಮ್ಮ ಎರಡು ಹೊಸ ಮೊರ ಹೆಣೆದಳು. ಒಂದರಲ್ಲಿ ನಮ್ಮ ಮಿಲ್ಲಿನ ರಾಗಿ ಹಿಟ್ಟು, ಜೇನು, ಅರಿಸಿನದ ಕೊಂಬು, ಬಳೆ ಇಟ್ಟು ಇನ್ನೊಂದನ್ನು ಮುಚ್ಚಿ, ನನ್ನ ಬೆನ್ನಿಗೆ ಕಟ್ಟಿದಳು. ದುಂಡಮಾದ ಬೇಕೆಂದೇ ಹಿಂದೆ ಉಳಿದ. ನಾನೊಬ್ಬನೇ ಬೀದಿಗೆ ಬಂದೆ. ನಂಜಮಣಿಯ ಬಾಗಿಲು ಹಾಕಿತ್ತು. ಒದೆಯುವುದನ್ನು ನಾನು ಹುಟ್ಟಿದ ದಿನವೇ ಕಲಿತವನು. ಆದರೂ ಅವತ್ತು ಮೂತಿಯಿಂದ ಮೆಲ್ಲಗೆ ತಳ್ಳಿದೆ. ಅವಳು ತೆರೆದಳು. ಮೊರ ನೋಡಿದಳು. ಬಳೆ ತೆಗೆದು ಕೈಗೆ ಏರಿಸಿಕೊಂಡಳು. ಆಮೇಲೆ ಬೀದಿಯವರಿಗೆಲ್ಲ ಕೇಳುವ ಹಾಗೆ, "ತವರಿಂದ ಬಾಗ್ನ ಬಂದದ ಕನ್ರವ್ವಾ, ಬನ್ನಿ!" ಎಂದು ಕೂಗಿದಳು. ನನ್ನ ತಂದೆಯ ಅರಚಾಟವೂ ಅಷ್ಟು ದೂರ ಹೋಗಿರಲಿಕ್ಕಿಲ್ಲ.

ಈಗ ನನಗೆ ಹಲ್ಲಿಲ್ಲ. ಕೇತಮ್ಮನೂ ಇಲ್ಲ. ಬೆಟ್ಟದ ಹೊರೆಗೆ ಎರಡು ಎಳೆಯ ಹೇಸರಗತ್ತೆಗಳಿವೆ. ಹಿಮಾಲಯದ ಕಥೆ ಹೇಳಿದರೆ ಅವು ಆಕಳಿಸುತ್ತವೆ. ಮಿಲ್ಲಿನ ಹಿಂದಿನ ಚಪ್ಪರವೇ ನನ್ನ ಜಾಗ. ಗೋಡೆಗೆ ಒರಗಿದರೆ ಬೀಸುವ ಕಲ್ಲಿನ ನಡುಕ ಮೈಗೆ ಹಿತವಾಗಿ ತಾಗುತ್ತದೆ. ಹುಕುಂ ಕೊಡುವವರಿದ್ದ ಕಾಲದಲ್ಲಿ ನಾನು ಫಿರಂಗಿ ಹೊತ್ತೆ, ಬೆಟ್ಟ ತಗ್ಗಿಸಿದೆ, ಅದನ್ನೆಲ್ಲ ನೂರು ಪಟ್ಟು ಮಾಡಿ ಹೇಳಬಲ್ಲೆ. ಗಿಡುಗನ ಬಂಡೆಯ ಕಥೆಗೆ ಮಾತ್ರ ಏನನ್ನು ಸೇರಿಸಲು ಹೋದರೂ ಅದು ಹೊರಗೇ ಉಳಿಯುತ್ತದೆ.

ಇವತ್ತು ಗೌರಿ ಹಬ್ಬ. ಈ ವರ್ಷ ನನ್ನ ಮೊಣಕಾಲು ಇಳಿಯುವುದಿಲ್ಲ ಎಂದು ದುಂಡಮಾದ ಮೊನ್ನೆಯೇ ನಂಜಮಣಿಗೆ ಹೇಳಿ ಕಳಿಸಿದ್ದ. "ತಮ್ಮಗ ಇಳಿಯಕಾಗ್ದಿದ್ರ ಅಕ್ಕ ಹತ್ತಬೇಕು, ಇನ್ನೇನ" ಎಂದಳಂತೆ. ಅವನು ಅಂಗಳ ಗುಡಿಸಿ, ಮೊರ ಮುಚ್ಚಿ ನನ್ನ ಬೆನ್ನಿಗಿಟ್ಟು, ಬೀಳದ ಹಾಗೆ ಒಂದು ಕೈ ಹಿಡಿದುಕೊಂಡು ನಿಂತಿದ್ದಾನೆ.

ಗಿಡುಗನ ಬಂಡೆ ದಾಟಿದ ಮೇಲಿನ ತಿರುವಿನಲ್ಲಿ ಬಳೆಯ ಸದ್ದು. ಏದುಸಿರಿನ ನಡುವೆ ಯಾರೋ ನನ್ನನ್ನೂ ನನ್ನ ವಂಶವನ್ನೂ ಬೈಯುತ್ತಾ ಹತ್ತಿ ಬರುತ್ತಿದ್ದಾರೆ.

"ಬಂದ್ಳು ಕನೋ ನಿಮ್ಮಕ್ಕ," ಎನ್ನುತ್ತಾನೆ ದುಂಡಮಾದ.

ನನಗೆ ಆಗಲೇ ಕೇಳಿಸಿದೆ.